ಹಳೆಯ ಹಿಂದಿ ಚಿತ್ರಗಳ ಸೆನ್ಸಾರ್: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಹಳೆಯ ಹಿಂದಿ ಚಿತ್ರಗಳ ಸೆನ್ಸಾರ್ ಮತ್ತು ‘ಎ’ (ವಯಸ್ಕರಿಗೆ ಮಾತ್ರ) ಪ್ರಮಾಣಪತ್ರದ ಕುರಿತು ನೀವು ಕಳುಹಿಸಿದ ಲೇಖನವನ್ನು ಈಗಿರುವ ರೂಪದಲ್ಲಿ ನಾವು ಪ್ರಕಟಿಸುವುದಿಲ್ಲ. ವಿಷಯ ಕೈಬಿಡುವಂಥದ್ದಲ್ಲ ಎಂಬ ಕಾರಣಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

‘ಎ’ ಪ್ರಮಾಣಪತ್ರವನ್ನು ನೀವು ಉದ್ದಕ್ಕೂ ಅಶ್ಲೀಲತೆಯ ಮುದ್ರೆಯೆಂದೇ ಭಾವಿಸಿರುವುದರಿಂದ ಬರಹ ದಿಟ್ಟ ದೃಶ್ಯಗಳ ಪಟ್ಟಿಯಾಗಿ ಉಳಿದಿದೆ. ಆ ಪ್ರಮಾಣಪತ್ರ ಪಡೆದ ಮೊದಲ ಭಾರತೀಯ ಚಿತ್ರವೆಂದು ಸಾಮಾನ್ಯವಾಗಿ ಹೆಸರಿಸಲಾಗುವ 1950ರ ‘ಹಂಸ್ತೇ ಆಂಸೂ’ ಗಂಡನ ದೌರ್ಜನ್ಯಕ್ಕೆ ಎದುರು ನಿಲ್ಲುವ ಹೆಂಗಸಿನ ಕಥೆ. ಅದರ ನಾಯಕಿ ಮಧುಬಾಲಾ ಅವರಿಗೇ ಆಗ ಹದಿನೆಂಟು ತುಂಬಿರಲಿಲ್ಲ. ಇಂಥ ಚಿತ್ರವನ್ನು ಒಂದೇ ಸಾಲಿನಲ್ಲಿ ದಾಟಿ, 1970ರ ‘ಚೇತನಾ’ದ ಪೋಸ್ಟರಿಗೆ ಎರಡು ಪುಟ ಕೊಟ್ಟಿದ್ದೀರಿ.

ಬ್ರಿಟಿಷರು ಚುಂಬನವನ್ನು ನಿಷೇಧಿಸಿದ್ದರೆಂಬ ಮಾತನ್ನು ತೆಗೆಯಿರಿ. 1933ರ ‘ಕರ್ಮಾ’ದಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ಅವರ ಚುಂಬನವಿದೆ. ಆ ಸರ್ಕಾರವನ್ನು ಹೆಚ್ಚು ಕಾಡಿದ್ದು ರಾಜಕೀಯ: 1921ರ ‘ಭಕ್ತ ವಿದುರ’ದ ವಿದುರ ಗಾಂಧೀಜಿಯನ್ನು ಹೋಲುತ್ತಾನೆಂದು ಚಿತ್ರಕ್ಕೆ ಮದ್ರಾಸಿನಲ್ಲೂ ಕರಾಚಿಯಲ್ಲೂ ತಡೆ ಬಿತ್ತು. 1943ರ ‘ಕಿಸ್ಮತ್’ನಲ್ಲಿ ಹೊರಗಿನವರನ್ನು ದೂರ ಹೋಗಿರೆನ್ನುವ ಹಾಡು ಜರ್ಮನ್ನರನ್ನೂ ಜಪಾನೀಯರನ್ನೂ ಹೆಸರಿಸಿದ್ದರಿಂದ ಪಾರಾಯಿತು, ಕೇಳಿದವರಿಗೆ ಗುರಿ ಯಾರೆಂಬುದು ತಿಳಿದೇ ಇತ್ತು. ಅರವತ್ತರ ದಶಕದ ಚಿತ್ರವೊಂದಕ್ಕೆ ‘ಯುಎ’ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರ) ಸಿಕ್ಕಿತೆಂದೂ ಬರೆದಿದ್ದೀರಿ. ಆ ವರ್ಗ ಬಂದದ್ದೇ 1983ರಲ್ಲಿ.

ನಿಮ್ಮ ಲೇಖನದ ಜೀವ ಇರಬೇಕಾದದ್ದು, ನೀವು ಅಡಿಟಿಪ್ಪಣಿಗೆ ತಳ್ಳಿರುವ ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ಪ್ರಕರಣದಲ್ಲಿ. ‘ಆವಾರಾ’ಕ್ಕೆ ಕಥೆ ಬರೆದ ಈ ಲೇಖಕ ಕಲ್ಕತ್ತಾ, ಮುಂಬಯಿ, ಮದ್ರಾಸ್, ದೆಹಲಿಗಳ ಸಿರಿತನವನ್ನೂ ಬಡತನವನ್ನೂ ಎದುರುಬದುರು ಇಟ್ಟು ಒಂದು ಕಿರು ಸಾಕ್ಷ್ಯಚಿತ್ರ ಮಾಡಿದರು. ಸೆನ್ಸಾರ್ ಮಂಡಳಿ ಅದಕ್ಕೆ ‘ಎ’ ಎಂದಿತು. ಮೇಲ್ಮನವಿ ಹೋದಾಗ ಸರ್ಕಾರ, ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳನ್ನು ಕತ್ತರಿಸಿದರೆ ‘ಯು’ (ಎಲ್ಲರೂ ನೋಡಬಹುದಾದ ಚಿತ್ರ) ಕೊಡುವುದಾಗಿ ಹೇಳಿತು. ಅಬ್ಬಾಸ್ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆದಿರುವಾಗಲೇ ಸರ್ಕಾರ ಯಾವ ಕತ್ತರಿಯೂ ಇಲ್ಲದೆ ‘ಯು’ ಕೊಡಲು ಮುಂದಾಯಿತು, ಆದರೂ ಅವರು ಮನೆಗೆ ಹೋಗಲಿಲ್ಲ. ಅರ್ಜಿಯನ್ನು ತಿದ್ದಿ, ಪ್ರದರ್ಶನಕ್ಕೆ ಮುಂಚಿನ ಸೆನ್ಸಾರ್ ಎಂಬ ವ್ಯವಸ್ಥೆಯನ್ನೇ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಆ ವ್ಯವಸ್ಥೆ ಸಂವಿಧಾನಬದ್ಧವೆಂದು ಹೇಳಿತು. ಆದರೆ ಲೈಂಗಿಕತೆಯೂ ಅಶ್ಲೀಲತೆಯೂ ಒಂದೇ ಅಲ್ಲವೆಂದೂ, ಕಲೆಗೆ ರಕ್ಷಣೆ ನೀಡುವಷ್ಟು ಸ್ಪಷ್ಟತೆ ಮಂಡಳಿಯ ಮಾರ್ಗಸೂಚಿಗಳಲ್ಲಿ ಇಲ್ಲವೆಂದೂ ಅದೇ ತೀರ್ಪು ಹೇಳಿತು.

ಬೇಕಾದದ್ದು ಕೈಗೆ ಬಂದ ಮೇಲೂ ಒಬ್ಬ ಚಿತ್ರಕರ್ಮಿ ಏಕೆ ಹೋರಾಡಿದ ಎಂಬುದನ್ನು ಬರೆಯಿರಿ. ತಮ್ಮ ಪ್ರೇಕ್ಷಕರ ಒಂದು ಪಾಲನ್ನು ಕಳೆದುಕೊಳ್ಳಲಾಗದೆ ‘ಯು’ಗಾಗಿ ದೃಶ್ಯಗಳನ್ನು ಬಿಟ್ಟುಕೊಡುವ ನಿರ್ಮಾಪಕರ ಲೆಕ್ಕಾಚಾರ ಆಗ ತಾನಾಗಿ ಅರ್ಥವಾಗುತ್ತದೆ, ಮೂರನೆಯ ಭಾಗದ ನಿಮ್ಮ ಸಿಟ್ಟಿನ ಪ್ಯಾರಾಗಳು ಬೇಕಾಗುವುದಿಲ್ಲ. ನಿಮ್ಮ ಗದ್ಯ ನಿಜಕ್ಕೂ ಚೆನ್ನಾಗಿದೆ, ಅದಕ್ಕೆ ಏರುದನಿಯ ಅಗತ್ಯವಿಲ್ಲ. ಮೊದಲು ಆ ತೀರ್ಪನ್ನು ಪೂರ್ತಿ ಓದಿ, ನಂತರ ಚಿತ್ರಗಳ ಸೆನ್ಸಾರ್ ಕುರಿತ 1969ರ ಖೋಸ್ಲಾ ಸಮಿತಿಯ ವರದಿಯನ್ನೂ ನೋಡಿ, ಹೊಸದಾಗಿ ಬರೆದು ಕಳುಹಿಸಿ.

ಇತಿ,
ಸಂಪಾದಕ