ಡ್ಯಾಶ್‌ಕ್ಯಾಮ್ ನೋಡಿ ಸಹೋದ್ಯೋಗಿಗಳು ಕಾರು ಹತ್ತಲು ಹಿಂಜರಿಯುತ್ತಾರಾ? ಮೊದಲು ಮೈಕ್ ನೋಡಿ

ಡ್ಯಾಶ್‌ಕ್ಯಾಮ್ ಅಂದರೆ ಕಾರಿನಲ್ಲಿ ಕೂರಿಸಿ ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ. ನಿಮ್ಮ ಕಾರಿನಲ್ಲಿ ಬರುವ ಸಹೋದ್ಯೋಗಿಗಳಿಗೆ ಮುಜುಗರ ಆಗುತ್ತಿರುವುದು ಬಹುಶಃ ಆ ಕ್ಯಾಮೆರಾದಿಂದಲ್ಲ, ಅದರ ಮೈಕ್‌ನಿಂದ. ರಸ್ತೆ ರೆಕಾರ್ಡ್ ಆದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ತಾವು ಆಡಿದ ಮಾತು ಎಲ್ಲೋ ಉಳಿಯುತ್ತದೆ ಅಂದರೆ ಬಾಯಿಗೆ ಬೀಗ. ಕ್ಯಾಮೆರಾ ಹೊರಗೆ ನೋಡುತ್ತಿದ್ದರೂ ಅದರ ಮೈಕ್ ಕೇಳುವುದು ಒಳಗಿನ ಮಾತನ್ನೇ, ಅಲ್ವಾ?

ಮೊದಲು ಡ್ಯಾಶ್‌ಕ್ಯಾಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆಡಿಯೊ ಆಫ್ ಮಾಡಿ. ಅಪಘಾತ ಹೇಗಾಯಿತು ಎಂದು ತೋರಿಸಲು ಸಾಮಾನ್ಯವಾಗಿ ವಿಡಿಯೊ ಸಾಕು. ಆಫ್ ಆಗಿದೆ ಎಂದು ಸುಮ್ನೆ ನಂಬಬೇಡಿ, ಒಂದು ಕ್ಲಿಪ್ ಹಾಕಿ ಕೇಳಿ ನೋಡಿ. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ ಮೊದಲಿನಂತಾಗಿರಬಹುದು, ಆಗ ಇನ್ನೊಮ್ಮೆ ನೋಡಿ.

ಆಮೇಲೆ ಹಳೆಯ ಫೈಲುಗಳು. ಮೆಮೊರಿ ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರುತ್ತದೆ, ನಿಜ. ಆದರೆ ಗಾಡಿ ಜೋರಾಗಿ ಕುಲುಕಿದಾಗ ಜಿ-ಸೆನ್ಸರ್ (ಕುಲುಕಾಟ ಗುರುತಿಸುವ ಸೆನ್ಸರ್) ಆ ಫೈಲು ಅಳಿಸಿಹೋಗದಂತೆ ಲಾಕ್ ಮಾಡಿಬಿಡುತ್ತದೆ. ಅದಕ್ಕೆ ಅಪಘಾತವೇ ಆಗಬೇಕಿಲ್ಲ, ಸೆನ್ಸರ್ ಸೂಕ್ಷ್ಮವಾಗಿದ್ದರೆ ಒಂದು ಹಂಪ್ ಸಾಕು. ಹಾಗೆ ಉಳಿದದ್ದರಲ್ಲಿ ಸಹೋದ್ಯೋಗಿಗಳ ಮಾತೂ ಇರಬಹುದು. ಬೇಕಾದ್ದನ್ನು ಬೇರೆ ಕಡೆ ಇಟ್ಟುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿ, ಜಿ-ಸೆನ್ಸರ್‌ನ ಸೂಕ್ಷ್ಮತೆ ಇಳಿಸಿ. ಕ್ಲೌಡ್ ಬ್ಯಾಕಪ್ ಇದ್ದರೆ ಅಲ್ಲೂ ಅಳಿಸಿ.

ಒಳಮುಖದ ಕ್ಯಾಮೆರಾ ಇದ್ದರೆ ವೈರ್ ತೆಗೆದುಬಿಡಿ. ಆಫ್ ಇದೆ ಎಂದರೆ ನಂಬುವುದು ಕಷ್ಟ.

ಕೊನೆಗೆ, ಅವರು ಹತ್ತುವ ಮೊದಲೇ ಹೇಳಿ: ರಸ್ತೆ ಮಾತ್ರ ರೆಕಾರ್ಡ್ ಆಗುತ್ತದೆ, ಮಾತು ಆಗುವುದಿಲ್ಲ. ಸ್ಕ್ರೀನ್ ತೋರಿಸಿದರೆ ಇನ್ನೂ ಒಳ್ಳೆಯದು.

ಇಂಟರ್ನೆಟ್ ಇರುವ ಹೊಸ ಕಾರಾದರೆ ಡ್ಯಾಶ್‌ಕ್ಯಾಮ್ ಒಂದನ್ನೇ ನೋಡಿದರೆ ಆಗದು, ಕಾರೇ ಡೇಟಾ ಸಂಗ್ರಹಿಸಬಹುದು. 2023ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ 25 ಕಾರ್ ಬ್ರ್ಯಾಂಡ್‌ಗಳ ಪ್ರೈವಸಿ ಪರಿಶೀಲಿಸಿದಾಗ ಒಂದೂ ಪಾಸಾಗಲಿಲ್ಲ. ಕಾರಿನ ಆ್ಯಪ್‌ನಲ್ಲಿ ಡೇಟಾ ಶೇರಿಂಗ್ ಆಫ್ ಮಾಡಿ. ಅದರ ಜೊತೆ ತುರ್ತು ಕರೆಯಂಥ ಸೌಲಭ್ಯವೂ ನಿಲ್ಲಬಹುದು, ಓದಿಕೊಂಡೇ ಒತ್ತಿ.