ಸ್ಕ್ಯಾನ್ ಮಾಡಿಸುವ ಮೊದಲು ಒಬ್ಬ ಸದಸ್ಯರ ಕಾಗದಗಳ ಬೆನ್ನು ಹತ್ತಿ

ಪ್ರಶ್ನೆ: ಬಾಗಲಕೋಟೆಯ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ ನಾನು. ಪ್ರಧಾನ ಕಚೇರಿ ನವನಗರದಲ್ಲಿದೆ, ಜಮಖಂಡಿ, ಮುಧೋಳ, ಇಳಕಲ್ಲಿನಲ್ಲಿ ಶಾಖೆಗಳಿವೆ. ಲೆಕ್ಕ ಕಂಪ್ಯೂಟರಿನಲ್ಲಿ, ಸಾಲದ ಕಡತ ಕಪಾಟಿನಲ್ಲಿ, ಶಾಖೆಗಳೊಂದಿಗಿನ ಮಾತುಕತೆಯೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಲೆಕ್ಕಪರಿಶೋಧಕರು ಒಂದು ಕಾಗದ ಕೇಳಿದರೆ ಅರ್ಧ ದಿನ ಹುಡುಕುತ್ತೇವೆ. ಯಾವ ದಫ್ತರ ಎಲ್ಲಿದೆ ಎಂದು ಬಲ್ಲ ಹಿರಿಯ ಗುಮಾಸ್ತರು ಈ ವರ್ಷ ನಿವೃತ್ತರಾಗುತ್ತಾರೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿಗೆ ಹಾಕಿಕೊಡುವುದಾಗಿ ಕಂಪನಿಯೊಂದು ದರಪಟ್ಟಿ ಕೊಟ್ಟಿದೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಈಗ ಒಪ್ಪಿದರೆ ಕಪಾಟಿನ ಗೊಂದಲವೇ ಕಂಪ್ಯೂಟರಿಗೆ ಸ್ಥಳಾಂತರವಾಗುತ್ತದೆ. ಅದಕ್ಕೆ ನೀವು ಪುಟಕ್ಕಿಷ್ಟು ಎಂದು ಹಣವನ್ನೂ ತೆರುತ್ತೀರಿ.

ಮೊದಲು ಒಬ್ಬ ಹಳೆಯ ಸದಸ್ಯರನ್ನು ಆರಿಸಿಕೊಂಡು ಅವರ ಬಗ್ಗೆ ಸಂಘದಲ್ಲಿ ಏನೇನು, ಎಲ್ಲೆಲ್ಲಿ ಇದೆ ಎಂದು ಹುಡುಕಿ. ನಿಮ್ಮ ಊರಿನಲ್ಲಿ ಹೀಗೆ ಸಿಗುವ ಸಾಧ್ಯತೆ ಹೆಚ್ಚು: ಷೇರು ರಿಜಿಸ್ಟರಿನಲ್ಲಿ ಹೆಸರು ಬಸಪ್ಪ, ವಿಳಾಸ ಹಳೇ ಬಾಗಲಕೋಟೆಯ ಒಂದು ಓಣಿ. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಆ ಓಣಿಯೇ ಇಲ್ಲ. ಸಾಲದ ಅರ್ಜಿಯಲ್ಲಿ ಆಧಾರ್ ಪ್ರಕಾರ ಬಸವರಾಜ, ನವನಗರದ ಸೆಕ್ಟರ್ ವಿಳಾಸ. ಪಹಣಿ ಇನ್ನೂ ತಂದೆಯ ಹೆಸರಿನಲ್ಲಿದೆ. ಈಗಿನ ಮೊಬೈಲ್ ಸಂಖ್ಯೆ ಪಿಗ್ಮಿ ಏಜೆಂಟರ ಕಿಸೆಯ ಡೈರಿಯಲ್ಲಿ ಮಾತ್ರ. ಮಹಾಸಭೆಯ ನೋಟಿಸು ಮಾತ್ರ ತಪ್ಪದೆ ಷೇರು ರಿಜಿಸ್ಟರಿನ ವಿಳಾಸಕ್ಕೆ ಹೋಗುತ್ತದೆ, ಅಂದರೆ ಹಿನ್ನೀರಿಗೆ.

ಈ ನಾಲ್ಕನ್ನೂ ಸ್ಕ್ಯಾನ್ ಮಾಡಿದರೆ ನಾಲ್ಕು ಅಚ್ಚುಕಟ್ಟಾದ ಚಿತ್ರಗಳು ಸಿಗುತ್ತವೆ, ಬಸಪ್ಪನವರು ಸಿಗುವುದಿಲ್ಲ. ಆದ್ದರಿಂದ ಆಡಳಿತ ಮಂಡಳಿ ಮೊದಲು ತೀರ್ಮಾನಿಸಬೇಕಾದದ್ದು ಇಷ್ಟು: ಹೆಸರು, ವಿಳಾಸ, ಮೊಬೈಲ್, ನಾಮಿನಿ, ಇವುಗಳಲ್ಲಿ ಪ್ರತಿಯೊಂದಕ್ಕೂ ಯಾವ ದಾಖಲೆ ಮೂಲ? ಬದಲಾವಣೆ ಬಂದರೆ ಯಾರು ತಿದ್ದಬೇಕು? ಉಳಿದ ಶಾಖೆಗಳು ಅಲ್ಲಿಂದಲೇ ತೆಗೆದುಕೊಳ್ಳಬೇಕು, ತಮ್ಮದೇ ಎಕ್ಸೆಲ್ ಪಟ್ಟಿ ಇಟ್ಟುಕೊಳ್ಳಬಾರದು. ಪಿಗ್ಮಿ ಏಜೆಂಟರನ್ನು ಈ ಮಾತುಕತೆಗೆ ಖಂಡಿತ ಕರೆಯಿರಿ. ಸದಸ್ಯರ ಮನೆ ಬಾಗಿಲಿಗೆ ದಿನವೂ ಹೋಗುವವರು ಅವರೊಬ್ಬರೇ.

ವಾಟ್ಸ್‌ಆ್ಯಪ್ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ಶಾಖೆಯಿಂದ ಒಂದು ಸಾಲದ ವಿನಾಯಿತಿಗೆ ಸಂದೇಶ ಬರುತ್ತದೆ, ಅಧ್ಯಕ್ಷರು ಒಪ್ಪಿಗೆಯ ಹೆಬ್ಬೆರಳಿನ ಇಮೋಜಿ ಒತ್ತುತ್ತಾರೆ, ಹಣ ಹೋಗುತ್ತದೆ, ಠರಾವು ತಿಂಗಳ ಮೇಲೆ ಬರೆಯಲಾಗುತ್ತದೆ. ನಾಳೆ ತಕರಾರು ಬಂದರೆ ಯಾರ ಫೋನನ್ನು ಸಾಕ್ಷಿಗೆ ತರುತ್ತೀರಿ? ಗುಂಪು ಸುದ್ದಿಗೆ ಇರಲಿ. ಮಂಜೂರಾತಿ ಎಂಬುದು ಠರಾವು ಪುಸ್ತಕದಲ್ಲಿ ಅಥವಾ ಸಂಖ್ಯೆ ಹಾಕಿದ ಪತ್ರದಲ್ಲಿ ಬಂದ ಮೇಲೆಯೇ ಹಣ ಬಿಡುಗಡೆಯಾಗಬೇಕು. ಸದಸ್ಯರ ಆಧಾರ್ ಚಿತ್ರಗಳನ್ನು ಗುಂಪಿಗೆ ಹಾಕುವುದನ್ನು ಇಂದೇ ನಿಲ್ಲಿಸಿ.

ಸ್ಕ್ಯಾನಿಂಗ್ ಬಗ್ಗೆ ಕಂಪನಿಯವರು ಸಾಮಾನ್ಯವಾಗಿ ಹೇಳದ ಎರಡು ಸಂಗತಿಗಳಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಗದದಲ್ಲಷ್ಟೇ ಇರುವ ವಿವರಕ್ಕೆ ಅನ್ವಯಿಸುವುದಿಲ್ಲ, ಆದರೆ ಕಾಗದದಲ್ಲಿದ್ದದ್ದನ್ನು ಡಿಜಿಟಲ್ ರೂಪಕ್ಕೆ ತಂದಾಗ ಅನ್ವಯಿಸುತ್ತದೆ. ಅಂದರೆ ಬೇಡದ ಹಳೆಯ ಕಾಗದವನ್ನೂ ಸ್ಕ್ಯಾನ್ ಮಾಡುವುದು ಬೇಡದ ಹೊಣೆಯನ್ನು ಹೊತ್ತುಕೊಂಡಂತೆ. ಎರಡನೆಯದು ಪ್ರಾಮಿಸರಿ ನೋಟು, ಅಂದರೆ ಹಣ ತೀರಿಸುವುದಾಗಿ ಸಾಲಗಾರರು ಸಹಿ ಹಾಕಿ ಕೊಡುವ ಪತ್ರ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ಕೊಟ್ಟಿದೆ, ಆದರೆ ಪ್ರಾಮಿಸರಿ ನೋಟನ್ನು ಅದರಿಂದ ಹೊರಗಿಟ್ಟಿತ್ತು. 2022ರ ತಿದ್ದುಪಡಿ ತೆರೆದ ಬಾಗಿಲು ರಿಸರ್ವ್ ಬ್ಯಾಂಕಿನಂತಹ ನಿಯಂತ್ರಕರ ಅಧೀನದಲ್ಲಿರುವ ಸಂಸ್ಥೆಗಳಿಗೆ ಮಾತ್ರ. ನಿಮ್ಮಂತಹ ಪತ್ತಿನ ಸಂಘ ಸಹಿ ಇರುವ ಮೂಲ ನೋಟನ್ನು ತಿಜೋರಿಯಲ್ಲಿ ಇಡಲೇಬೇಕು.

ಯಾವುದನ್ನು ಎಷ್ಟು ವರ್ಷ ಇಡಬೇಕೆಂಬ ಪಟ್ಟಿಯೊಂದನ್ನು ಲೆಕ್ಕಪರಿಶೋಧಕರು ಮತ್ತು ವಕೀಲರ ಜೊತೆ ಕುಳಿತು ಮಾಡಿ. 1963ರ ಕಾಲಮಿತಿ ಕಾಯ್ದೆಯಂತೆ ಸಾಲದ ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷ, ಸ್ಥಿರಾಸ್ತಿ ಅಡಮಾನದ ಮೇಲಿನ ಹಣದ ದಾವೆಗೆ 12 ವರ್ಷ ಅವಧಿಯಿದೆ. ಸಹಕಾರ ಕಾಯ್ದೆಯ ನಿಯಮಗಳನ್ನು ಇದರ ಜೊತೆಗಿಟ್ಟು ನೋಡಬೇಕು. ಠರಾವು ಪುಸ್ತಕ, ಷೇರು ರಿಜಿಸ್ಟರುಗಳನ್ನು ಎಂದಿಗೂ ವಿಲೇವಾರಿ ಮಾಡಬೇಡಿ. ಪಟ್ಟಿ ಮಾಡುವಾಗ ಕಾಗದ, ಕಂಪ್ಯೂಟರ್ ಎಂದು ಭೇದ ಮಾಡದೆ ಒಂದೇ ನಿಯಮ ಹಾಕಿ. ದಾಖಲೆ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15489 ಕೂಡ ದಾಖಲೆ ಯಾವ ರೂಪದಲ್ಲಿದ್ದರೂ ದಾಖಲೆಯೇ ಎಂದು ಹಿಡಿಯುತ್ತದೆ.

ಇನ್ನು ನಿಮ್ಮ ಗುಮಾಸ್ತರು. "ಗೊತ್ತಿರುವುದನ್ನೆಲ್ಲ ಬರೆದುಕೊಡಿ" ಎಂದರೆ ಯಾರೂ ಬರೆದುಕೊಡುವುದಿಲ್ಲ, ಬರೆಯಲು ಬರುವುದೂ ಇಲ್ಲ. ಒಬ್ಬ ಕಿರಿಯ ಸಿಬ್ಬಂದಿಯನ್ನು ಅವರ ಜೊತೆ ಕಪಾಟಿನ ಮುಂದೆ ನಿಲ್ಲಿಸಿ. ಒಂದೊಂದು ದಫ್ತರ ಬಿಚ್ಚಿದಂತೆ ವಿಷಯ, ವರ್ಷ, ಕಪಾಟಿನ ಸಂಖ್ಯೆ ಬರೆದುಕೊಳ್ಳಲಿ. "ಇದರ ಜೋಡಿ ಕಡತ ಮುಧೋಳದಲ್ಲಿದೆ" ಎಂಬಂತಹ ಮಾತು ಅವರ ಬಾಯಿಂದ ಬರುವುದು ದಫ್ತರ ಬಿಚ್ಚಿದಾಗಲೇ. ಅದನ್ನೂ ಬರೆದುಕೊಳ್ಳಲಿ.

ಇಷ್ಟಾದ ಮೇಲೆ ಸ್ಕ್ಯಾನ್ ಮಾಡಬೇಕಾದ ಕಾಗದ ಎಷ್ಟೋ ಕಡಿಮೆಯಾಗಿರುತ್ತದೆ. ಆಗ ಹೊಸ ದರಪಟ್ಟಿ ತರಿಸಿ. ಒಪ್ಪಂದ ಮುಗಿದ ದಿನ ನಿಮ್ಮ ದತ್ತಾಂಶವನ್ನೆಲ್ಲ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ರೂಪದಲ್ಲಿ, ಹೆಚ್ಚುವರಿ ಶುಲ್ಕವಿಲ್ಲದೆ ಮರಳಿಸಬೇಕೆಂಬ ಷರತ್ತನ್ನು ಅದರಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಕಂಪನಿಗೆ ಸಹಿ ಹಾಕಬೇಡಿ.