ಕ್ರೀ ರೀಕಾಂಬಿನೇಸ್‌ಗೆ ಎಟಿಪಿಯೂ ಲೈಗೇಸೂ ಯಾಕೆ ಬೇಡ? ಟ್ಯೂಬ್‌ನಲ್ಲಿ ಕ್ರಿಯೆ ಯಾಕೆ ಪೂರ್ತಿಯಾಗುವುದಿಲ್ಲ?

ನೀವು ಕೇಳಿರುವುದು ಎರಡು ವಿಷಯ. ರೆಸ್ಟ್ರಿಕ್ಷನ್ ಕಿಣ್ವ ಕತ್ತರಿಸಿದ ಡಿಎನ್‌ಎ ಅಂಟಿಸಲು ಲೈಗೇಸ್ (ಅಂಟಿಸುವ ಕಿಣ್ವ), ಎಟಿಪಿ (ಶಕ್ತಿ ಕೊಡುವ ಅಣು) ಎರಡೂ ಬೇಕು, ಆದರೆ ಕ್ರೀ ಎಂಬ ಕಿಣ್ವ ಒಂದೇ ಹೇಗೆ ಕತ್ತರಿಸಿ ಅಂಟಿಸುತ್ತದೆ? ಇನ್ನೊಂದು, ಎಷ್ಟು ಹೊತ್ತು ಇಟ್ಟರೂ ಮೂಲ ಪ್ಲಾಸ್ಮಿಡ್‌ನ (ಉಂಗುರಾಕಾರದ ಚಿಕ್ಕ ಡಿಎನ್‌ಎ) ಬ್ಯಾಂಡ್, ಡಿಎನ್‌ಎ ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಯಾಕೆ ಉಳಿದೇ ಇರುತ್ತದೆ? ಎರಡಕ್ಕೂ ಕಾರಣ ಒಂದೇ ರಾಸಾಯನಿಕ ಬಂಧ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ರೆಸ್ಟ್ರಿಕ್ಷನ್ ಕಿಣ್ವ ಡಿಎನ್‌ಎಯ ಫಾಸ್ಫೇಟ್ ಬಂಧವನ್ನು ನೀರಿನಿಂದ ಮುರಿಯುತ್ತದೆ. ಆ ಬಂಧದಲ್ಲಿದ್ದ ಶಕ್ತಿ ಅಲ್ಲಿಗೇ ಹೋಯಿತು. ಮತ್ತೆ ಕಟ್ಟಬೇಕಾದರೆ ಹೊರಗಿನಿಂದ ತರಬೇಕು, ಅದಕ್ಕೇ ಎಟಿಪಿ. ಕ್ರೀ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದರ 324ನೇ ಅಮೈನೋ ಆಮ್ಲವಾದ ಟೈರೋಸಿನ್ ತಾನೇ ಫಾಸ್ಫೇಟ್ ಮೇಲೆ ದಾಳಿ ಮಾಡುತ್ತದೆ. ಎಳೆ ತುಂಡಾದಾಗ 3' ತುದಿಯ ಫಾಸ್ಫೇಟ್ ಟೈರೋಸಿನ್‌ಗೆ ಅಂಟಿಕೊಂಡಿರುತ್ತದೆ, ಎದುರಿನ 5' ತುದಿಯಲ್ಲಿ ಬರೀ ಹೈಡ್ರಾಕ್ಸಿಲ್ ಉಳಿಯುತ್ತದೆ. ಒಂದು ಬಂಧ ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂತು, ಶಕ್ತಿ ಎಲ್ಲೂ ಸೋರಲಿಲ್ಲ. ಆಮೇಲೆ ಪಕ್ಕದ ಡಿಎನ್‌ಎಯ 5' ಹೈಡ್ರಾಕ್ಸಿಲ್ ಬಂದು ಅದೇ ಫಾಸ್ಫೇಟ್ ಮೇಲೆ ದಾಳಿ ಮಾಡಿದರೆ ಟೈರೋಸಿನ್ ಬಿಡುಗಡೆಯಾಗಿ ಹೊಸ ಜೋಡಣೆ ಆಗುತ್ತದೆ. ಈ ಟೈರೋಸಿನ್ ಬದಲು ಫಿನೈಲ್‌ಅಲನಿನ್ ಇರುವ ರೂಪಾಂತರ ಡಿಎನ್‌ಎಗೆ ಅಂಟುತ್ತದೆ, ಕತ್ತರಿಸಲಾರದು. ಋಣಾತ್ಮಕ ಕಂಟ್ರೋಲ್ (ಕ್ರಿಯೆ ನಡೆಯದ, ಹೋಲಿಕೆಗೆ ಇಡುವ ಟ್ಯೂಬ್) ಬೇಕಿದ್ದರೆ ಖಾಲಿ ಬಫರ್‌ಗಿಂತ ಅದೇ ಒಳ್ಳೆಯದು.

ರಚನೆಯ ಬಗ್ಗೆ. ಕ್ರೀ ಬಂದದ್ದು ಪಿ1 ಎಂಬ ಬ್ಯಾಕ್ಟೀರಿಯಾ ವೈರಸ್‌ನಿಂದ. 343 ಅಮೈನೋ ಆಮ್ಲ, ಸುಮಾರು 38 ಕಿಲೋಡಾಲ್ಟನ್. ಅದು ಗುರುತಿಸುವ ಲಾಕ್ಸ್‌ಪಿ ತಾಣದಲ್ಲಿ 34 ಬೇಸ್ ಜೋಡಿ: ಎರಡು ಬದಿಗೆ ತಲಾ 13ರ ತೋಳು (ಒಂದು ಇನ್ನೊಂದರ ತಿರುವು), ನಡುವೆ 8 ಬೇಸ್‌ಗಳ ಸ್ಪೇಸರ್. ಪ್ರತಿ ತೋಳನ್ನೂ ಒಂದು ಕ್ರೀ ಅಣು ಇಕ್ಕಳದಂತೆ ಎರಡು ಕಡೆಯಿಂದ ಹಿಡಿಯುತ್ತದೆ. ಚಿಕ್ಕ ಎನ್-ತುದಿ ಭಾಗ ಒಂದು ಕಡೆ, ದೊಡ್ಡ ಸಿ-ತುದಿ ಭಾಗ ಇನ್ನೊಂದು ಕಡೆ. ಎರಡು ತಾಣ ಸೇರಿದಾಗ ನಾಲ್ಕು ಕ್ರೀ ಅಣುಗಳ ಚೌಕ ಆಗುತ್ತದೆ. ಪ್ರತಿ ಅಣುವಿನ ಕೊನೆಯ ಸುರುಳಿ ಪಕ್ಕದ ಅಣುವಿನ ಕುಳಿಯೊಳಗೆ ಕೂರುತ್ತದೆ, ನಾಲ್ಕೂ ಸುತ್ತಲೂ ಹಾಗೇ ಕೈ ಹಿಡಿದಿರುತ್ತವೆ. ಈ ಚಿತ್ರ ಸ್ಪಷ್ಟವಾದದ್ದು 1997ರಲ್ಲಿ, ವ್ಯಾನ್ ಡ್ಯೂನ್ ಅವರ ಗುಂಪು ಡಿಎನ್‌ಎ ಸಮೇತ ಸ್ಫಟಿಕ ರಚನೆ ಬಿಡಿಸಿದಾಗ.

ಆ ಕೈ ಹಿಡಿತದಲ್ಲಿ ಮುಖ್ಯ ಗುಟ್ಟಿದೆ. ಒಂದು ಹೊತ್ತಿಗೆ ನಾಲ್ಕರಲ್ಲಿ ಎದುರುಬದುರಿನ ಎರಡೇ ಅಣುಗಳು ಚುರುಕಾಗಿರುತ್ತವೆ. ಅವುಗಳಲ್ಲಿ ಆರ್ಜಿನಿನ್ 173 ಮತ್ತು 292 ಫಾಸ್ಫೇಟ್‌ನ ಋಣ ವಿದ್ಯುದಂಶವನ್ನು ಹಿಡಿದಿಡುತ್ತವೆ, ಲೈಸಿನ್ 201 ಬಿಟ್ಟುಹೋಗುವ 5' ಆಮ್ಲಜನಕಕ್ಕೆ ಪ್ರೋಟಾನ್ ಕೊಡುತ್ತದೆ. ಉಳಿದೆರಡು ಅಣುಗಳಲ್ಲಿ ಈ ಜಾಗ ಸ್ವಲ್ಪ ಸರಿದಿರುತ್ತದೆ, ಹಾಗಾಗಿ ಅವು ಸುಮ್ಮನಿರುತ್ತವೆ. ಹೀಗಾಗಿ ಮೊದಲು ಪ್ರತಿ ಡಿಎನ್‌ಎಯಲ್ಲೂ ಒಂದೊಂದೇ ಎಳೆ ಕಟ್ ಆಗಿ ಅದಲುಬದಲಾಗುತ್ತದೆ. ಆಗ ಸಿಗುವುದು ನಾಲ್ಕು ದಾರಿ ಕೂಡುವ ಹಾಲಿಡೇ ಜಂಕ್ಷನ್. ಚೌಕ ಸ್ವಲ್ಪ ಮಗ್ಗುಲು ಬದಲಿಸುತ್ತದೆ, ಸುಮ್ಮನಿದ್ದ ಜೋಡಿ ಚುರುಕಾಗುತ್ತದೆ, ಎರಡನೇ ಎಳೆಗಳೂ ಬದಲಾಗುತ್ತವೆ. ಎರಡೂ ಎಳೆ ಒಟ್ಟಿಗೆ ತುಂಡಾಗುವ ಗಳಿಗೆ ಇಲ್ಲಿ ಬರುವುದೇ ಇಲ್ಲ.

(ಪಠ್ಯಪುಸ್ತಕದಲ್ಲಿ ರೀಕಾಂಬಿನೇಷನ್ ಎಂದರೆ ರೆಕ್‌ಎ ಎಂದು ಓದಿದ್ದರೆ ಗೊಂದಲವಾಗಬಹುದು. ರೆಕ್‌ಎ ಬೇರೆಯದೇ ಜಾತಿ. ಎಟಿಪಿ ಬಳಸಿ ಎಳೆಯ ಉದ್ದಕ್ಕೂ ತಂತುವಾಗಿ ಕೂತು ಹೋಲುವ ಅನುಕ್ರಮ ಹುಡುಕುತ್ತದೆ, ತಾನು ಕತ್ತರಿಸುವುದಿಲ್ಲ. ಡಿಎಚ್5-ಆಲ್ಫಾದಂಥ ರೆಕ್‌ಎ ಇಲ್ಲದ ತಳಿಯಲ್ಲೂ ಕ್ರೀ ಧಾರಾಳವಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ.)

ಈಗ ನಿಮ್ಮ ಉಳಿದ ಬ್ಯಾಂಡ್. ಶಕ್ತಿ ಖರ್ಚಾಗಲಿಲ್ಲ ಎಂದರೆ ಕ್ರಿಯೆಗೆ ಮುಂದೆ ತಳ್ಳುವ ಬಲವೂ ಇಲ್ಲ. ಉತ್ಪನ್ನದಲ್ಲೂ ಹಳೆಯವೇ ಲಾಕ್ಸ್‌ಪಿ ತಾಣಗಳಿವೆ, ಕ್ರೀ ಅವನ್ನು ಮತ್ತೆ ಸೇರಿಸಬಲ್ಲದು. ಒಂದೇ ದಿಕ್ಕಿಗೆ ಮುಖ ಮಾಡಿದ ಎರಡು ತಾಣಗಳ ನಡುವಿನ ಭಾಗ ಉಂಗುರವಾಗಿ ಹೊರಬರುತ್ತದೆ. ಒಂದು ಅಣು ಎರಡಾಗುವ ಕಾರಣ ವಾಲಿಕೆ ಹೊರಬರುವ ಕಡೆಗೇ ಇದೆ, ಆದರೂ ಟ್ಯೂಬ್‌ನಲ್ಲಿ ಉಂಗುರ ಅಲ್ಲೇ ತೇಲುತ್ತಿರುವುದರಿಂದ ಸಮತೋಲನಕ್ಕೆ ಬಂದು ನಿಲ್ಲುತ್ತದೆ. ವಿಭಜಿಸುವ ಜೀವಕೋಶದಲ್ಲಿ ಪ್ರತಿಕೃತಿ ಮಾಡಿಕೊಳ್ಳಲಾಗದ ಉಂಗುರ ಕಳೆದುಹೋಗುತ್ತದೆ, ಅದಕ್ಕೇ ಅಲ್ಲಿ ಪೂರ್ತಿಯಾದಂತೆ ಕಾಣುತ್ತದೆ. ತಾಣಗಳು ಎದುರುಬದುರಾಗಿದ್ದರೆ ನಡುವಿನ ಭಾಗ ತಿರುಗುತ್ತಲೇ ಇರುತ್ತದೆ, ಕೊನೆಗೆ ಅರ್ಧಕ್ಕರ್ಧ ಮಿಶ್ರಣ.

ಟ್ಯೂಬ್‌ಗೆ ನಾನು ಹೇಳುವ ಅಳತೆ: 50 ಮೈಕ್ರೋಲೀಟರ್‌ನಲ್ಲಿ 250 ನ್ಯಾನೋಗ್ರಾಂ ಡಿಎನ್‌ಎ, 1 ಯೂನಿಟ್ ಕ್ರೀ, 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.5), 33 ಮಿಲಿಮೋಲಾರ್ ಉಪ್ಪು, 10 ಮಿಲಿಮೋಲಾರ್ ಮೆಗ್ನೀಸಿಯಮ್ ಕ್ಲೋರೈಡ್. 37 ಡಿಗ್ರಿಯಲ್ಲಿ 30 ನಿಮಿಷ, ಆಮೇಲೆ 70 ಡಿಗ್ರಿಯಲ್ಲಿ 10 ನಿಮಿಷ. ಕೊನೆಯ ಹಂತ ಬಿಡಬೇಡಿ. ಕ್ರೀ ಡಿಎನ್‌ಎಯನ್ನು ಬಿಗಿಯಾಗಿ ಹಿಡಿದಿರುವುದರಿಂದ ಬಿಸಿ ಮಾಡದೆ ಜೆಲ್‌ಗೆ ಹಾಕಿದರೆ ಬ್ಯಾಂಡ್‌ಗಳು ಮೇಲಕ್ಕೆ ಸರಿದು ಮಸುಕಾಗುತ್ತವೆ. ಕಿಣ್ವ ಹೆಚ್ಚು ಸುರಿದು ಸಮತೋಲನ ಸರಿಸಲು ಆಗುವುದಿಲ್ಲ, ಅತಿಯಾದರೆ ಕ್ರಿಯೆ ಕುಂದುವುದೂ ಉಂಟು.

ಸೂಪರ್‌ಕಾಯಿಲ್ (ತನ್ನ ಮೇಲೇ ಹುರಿಗೊಂಡ) ಪ್ಲಾಸ್ಮಿಡ್ ಹಾಕಿದರೆ ಉಂಗುರಗಳು ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿ ಲೆಕ್ಕವಿಲ್ಲದಷ್ಟು ಬ್ಯಾಂಡ್ ಬರುತ್ತವೆ. ಬಿಸಿ ಮಾಡಿದ ಮೇಲೆ ಪ್ಲಾಸ್ಮಿಡ್‌ನ ಬೆನ್ನೆಲುಬಿನಲ್ಲಿ ಒಂದೇ ಕಡೆ ಕತ್ತರಿಸುವ ರೆಸ್ಟ್ರಿಕ್ಷನ್ ಕಿಣ್ವ ಹಾಕಿ. 5 ಕಿಲೋಬೇಸ್ ಪ್ಲಾಸ್ಮಿಡ್‌ನಿಂದ 1.2 ಕಿಲೋಬೇಸ್ ಹೊರಬರಬೇಕಿದ್ದರೆ 5 ಮತ್ತು 3.8ರ ಎರಡು ಚೊಕ್ಕ ಬ್ಯಾಂಡ್ ಹೋಲಿಸಿದರೆ ಸಾಕು.

ಕ್ರಿಯೆ ಒಂದೇ ದಿಕ್ಕಿಗೆ ಹೋಗಬೇಕೆಂದರೆ ತಾಣವನ್ನೇ ಬದಲಿಸಬೇಕು. ಲಾಕ್ಸ್‌ಪಿಯ ಬದಲಾದ ರೂಪಗಳಾದ ಲಾಕ್ಸ್66 ಮತ್ತು ಲಾಕ್ಸ್71ರಲ್ಲಿ ಒಂದೊಂದು ತೋಳಿನ ಹೊರ ತುದಿ ಕೆಟ್ಟಿದೆ. ಇವೆರಡೂ ಸೇರಿದ ಮೇಲೆ ಒಂದು ತಾಣ ಎರಡೂ ತೋಳು ಕೆಟ್ಟದ್ದಾಗುತ್ತದೆ, ಕ್ರೀಗೆ ಅದರ ಮೇಲೆ ಹಿಡಿತ ಸಿಗದೆ ಹಿಂದಿರುಗುವುದು ಬಹಳ ಕಡಿಮೆಯಾಗುತ್ತದೆ. ಒಂದಕ್ಕೊಂದು ಬೆರೆಯದ ಬೇರೆ ಬೇರೆ ಜೋಡಿ ಬೇಕಿದ್ದರೆ ಸ್ಪೇಸರ್ ಬದಲಿಸಿದ ತಾಣಗಳಿವೆ: ಎಳೆ ಬದಲಾದಾಗ ಬೇಸ್‌ಗಳು ಹೊಂದದಿದ್ದರೆ ಜೋಡಣೆ ನಿಲ್ಲದೆ ವಾಪಸಾಗುತ್ತದೆ. ಲಾಕ್ಸ್511ರಲ್ಲಿ ಒಂದೇ ಬೇಸ್ ವ್ಯತ್ಯಾಸ, ಅದು ಲಾಕ್ಸ್‌ಪಿ ಜೊತೆಗೆ ಆಗಾಗ ಸೇರಿಬಿಡುತ್ತದೆ. ಎರಡು ಬೇಸ್ ಬದಲಾದ ಲಾಕ್ಸ್2272 ನಂಬಲು ಅರ್ಹ. ದೊಡ್ಡ ತುಂಡನ್ನು ಜೀನೋಮ್‌ಗೆ ಸೇರಿಸುವುದೇ ಗುರಿಯಾದರೆ ನಾನಂತೂ ಕ್ರೀ ಬಿಟ್ಟು ಬಿಎಕ್ಸ್‌ಬಿ1 ಎಂಬ ಸೆರಿನ್ ರೀಕಾಂಬಿನೇಸ್ ಆರಿಸುತ್ತೇನೆ. ಅದು ನಾಲ್ಕೂ ಎಳೆ ಒಟ್ಟಿಗೆ ಕತ್ತರಿಸಿ, ಅರ್ಧ ಭಾಗವನ್ನು 180 ಡಿಗ್ರಿ ತಿರುಗಿಸಿ ಸೇರಿಸುತ್ತದೆ. ಸೇರಿದ ಮೇಲೆ ತಾಣದ ಅನುಕ್ರಮವೇ ಬೇರೆಯಾಗುವುದರಿಂದ ಸಹಾಯಕ ಪ್ರೋಟೀನ್ ಇಲ್ಲದೆ ಹಿಂದಿರುಗದು.

ವಿನ್ಯಾಸದಲ್ಲಿ ಜನ ಎಡವುವ ಜಾಗಗಳಲ್ಲಿ ಮೊದಲನೆಯದು ದಿಕ್ಕು. ದಿಕ್ಕು ಹೇಳುವುದು ಸ್ಪೇಸರ್ ಮಾತ್ರ, ತೋಳು ನೋಡಿ ತಿಳಿಯುವುದಿಲ್ಲ, ಮ್ಯಾಪ್ ಸಾಫ್ಟ್‌ವೇರ್‌ನ ಬಾಣವನ್ನೂ ನಂಬದೆ ಅಕ್ಷರ ಓದಿ ನೋಡಿ. ಎರಡನೆಯದು ಅಷ್ಟಾಗಿ ಯಾರೂ ಗಮನಿಸದ್ದು: ಲಾಕ್ಸ್‌ಪಿಯನ್ನು ಒಂದು ದಿಕ್ಕಿನಲ್ಲಿ ಓದಿದರೆ ಸ್ಪೇಸರ್‌ನಲ್ಲಿ ಎರಡು ಎಟಿಜಿ (ಪ್ರೋಟೀನ್ ತಯಾರಿ ಶುರುವಾಗುವ ಸಂಕೇತ) ಇವೆ, ತಾಣದೊಳಗೆ ಅವಕ್ಕೆ ಸ್ಟಾಪ್ ಕೋಡಾನ್ ಇಲ್ಲ. ಪ್ರೊಮೋಟರ್‌ಗೂ (ಜೀನ್ ಚಾಲೂ ಮಾಡುವ ಭಾಗ) ಜೀನ್‌ಗೂ ನಡುವೆ ಹಾಗೆ ಇಟ್ಟರೆ ರೈಬೋಸೋಮ್ ಅಲ್ಲೇ ಶುರು ಮಾಡಿ ನಿಮ್ಮ ಪ್ರೋಟೀನ್ ಕಡಿಮೆಯಾಗಬಹುದು. ತಾಣಗಳನ್ನು ತಿರುಗಿಸಿಟ್ಟರೆ ಎಟಿಜಿ ಇಲ್ಲ. ಮೂರನೆಯದು ಪ್ರೈಮರ್ (ಪಿಸಿಆರ್‌ನಲ್ಲಿ ಡಿಎನ್‌ಎ ನಕಲು ಶುರುಮಾಡುವ ಚಿಕ್ಕ ಎಳೆ): ತೋಳುಗಳು ತಿರುವಾಗಿರುವುದರಿಂದ ಇಡೀ ತಾಣ ಇರುವ ಪ್ರೈಮರ್ ತನ್ನ ಮೇಲೇ ಮಡಚಿಕೊಳ್ಳುತ್ತದೆ. ಎರಡು ತಾಣಗಳ ಅಂತರ ನೂರು ಬೇಸ್‌ಗಿಂತ ಕಡಿಮೆ ಬೇಡ, ಡಿಎನ್‌ಎ ಅಷ್ಟು ಚಿಕ್ಕದಾಗಿ ಬಾಗಲಾರದು.

ಕ್ರೀ ಜೀನ್ ಮತ್ತು ಲಾಕ್ಸ್ ಒಂದೇ ಪ್ಲಾಸ್ಮಿಡ್‌ನಲ್ಲಿದ್ದರೆ ಇ. ಕೋಲೈಯಲ್ಲೇ ಸೋರಿಕೆಯಿಂದ ತುಂಡು ಹಾರಿಹೋಗುತ್ತದೆ, ಕ್ರೀ ಜೀನ್‌ನೊಳಗೆ ಒಂದು ಇಂಟ್ರಾನ್ (ಬ್ಯಾಕ್ಟೀರಿಯಾ ಕತ್ತರಿಸಿ ತೆಗೆಯಲಾರದ ತುಣುಕು) ಇಡುವುದು ಇದಕ್ಕೆ ಮದ್ದು. ಇಲಿಯಲ್ಲಾದರೆ ಕ್ರೀ ಇದ್ದು ಲಾಕ್ಸ್ ಇಲ್ಲದ ಪ್ರಾಣಿಗಳ ಕಂಟ್ರೋಲ್ ಇಲ್ಲದೆ ಫಲಿತಾಂಶ ಓದಬೇಡಿ, ಏಕೆಂದರೆ ಸಸ್ತನಿ ಜೀನೋಮ್‌ನಲ್ಲಿ ಲಾಕ್ಸ್ ಹೋಲುವ ತಾಣಗಳಿದ್ದು ಹೆಚ್ಚಿನ ಕ್ರೀ ಕೋಶಕ್ಕೆ ವಿಷವಾಗುತ್ತದೆ. ಮೂರು ಪ್ರೈಮರ್‌ಗಳ ಪಿಸಿಆರ್‌ನಲ್ಲಿ ಚಿಕ್ಕ ಉತ್ಪನ್ನ ಬೇಗ ಬೆಳೆಯುವುದರಿಂದ ಭಾಗಶಃ ಆದದ್ದೂ ಪೂರ್ತಿಯಾದಂತೆ ಕಾಣುತ್ತದೆ. ಶೇಕಡಾವಾರು ಬೇಕಿದ್ದರೆ ಉಳಿದಿರುವ ಮೂಲ ಆಲೀಲ್ (ಜೀನ್‌ನ ಬದಲಾಗದ ರೂಪ) ಅನ್ನು ಕ್ಯೂಪಿಸಿಆರ್‌ನಲ್ಲಿ (ಪ್ರಮಾಣ ಅಳೆಯುವ ಪಿಸಿಆರ್) ಅಳೆಯಿರಿ.